ಫ್ಯೂಸ್ ಹೋಗಿಲ್ಲ, ಹೋಲ್ಡರ್ ಯಾಕೆ ಕರಗಿತು?

ಕಾರಿಗೆ ಹೊರಗಡೆ ಫಾಗ್ ಲ್ಯಾಂಪ್ ಹಾಕಿಸಿದ್ದೀರಾ? ಫ್ಯೂಸ್ ಮುಟ್ಟಿದರೆ ಕೈ ಸುಡುತ್ತಿದೆಯಾ? ಹೋಲ್ಡರಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದರೆ, ತಪ್ಪು ಹೆಚ್ಚಾಗಿ ಫ್ಯೂಸಿನದಲ್ಲ, ಅದು ಕೂರುವ ಜಾಗದ್ದು.

ಲೆಕ್ಕ ನೋಡಿ. 55 ವ್ಯಾಟಿನ ಎರಡು ಬಲ್ಬು, 12 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್. 15 ಆಂಪಿಯರಿನ ನೀಲಿ ಫ್ಯೂಸ್ ಸಾಕು. ಆದರೆ ಕ್ಲಿಪ್ ಸಡಿಲವಾಗಿ ಬರೀ 0.1 ಓಮ್ ರೋಧ ಬಂದರೂ, ಆ ಒಂದೇ ಜಾಗದಲ್ಲಿ 8 ವ್ಯಾಟ್ ಶಾಖ! ಕರೆಂಟು ಮಿತಿಯೊಳಗೇ ಇದೆ, ಹಾಗಾಗಿ ಫ್ಯೂಸ್ ಹೋಗುವುದಿಲ್ಲ, ಪ್ಲಾಸ್ಟಿಕ್ ಕರಗುತ್ತದೆ.

ಲೈಟ್ ಆನ್ ಇರುವಾಗ ಹೋಲ್ಡರಿನ ಎರಡು ತುದಿಗೆ ಮಲ್ಟಿಮೀಟರ್ ಹಿಡಿಯಿರಿ. ಅರ್ಧ ವೋಲ್ಟ್ ತೋರಿಸಿತೇ? ಹೋಲ್ಡರ್ ಬದಲಿಸಿ, ತುದಿಗಳನ್ನು ಗಟ್ಟಿಯಾಗಿ ಕ್ರಿಂಪ್ ಮಾಡಿಸಿ; ವೈರ್ ತಿರುಚಿ ಟೇಪ್ ಸುತ್ತಿದರೆ ಸಾಲದು.

ದಯವಿಟ್ಟು 30 ಆಂಪಿಯರಿನ ಹಸಿರು ಫ್ಯೂಸ್ ಮಾತ್ರ ಹಾಕಬೇಡಿ. ಶಾರ್ಟ್ ಆದರೆ ಫ್ಯೂಸಿಗಿಂತ ಮೊದಲು ತೆಳು ವೈರೇ ಹೊತ್ತಿಕೊಳ್ಳಬಹುದು.