ಹಳೆ ಓಮ್ನಿ ಸ್ಟಾರ್ಟ್ ಆಗುತ್ತಿಲ್ಲವೇ? ಕಾರ್ಬುರೇಟರ್ ಬಿಚ್ಚಿಸುವ ಮುನ್ನ ಇಷ್ಟು ನೋಡಿ

ಠಾಣೆ: ಬೆಳಗಿನ ಜಾವ ನಾಲ್ಕಕ್ಕೆ ವಾಶಿಯ ಎಪಿಎಂಸಿ ಮಾರುಕಟ್ಟೆಗೆ ಹೊರಡಬೇಕು. ಕೀ ತಿರುಗಿಸಿದರೆ ಸ್ಟಾರ್ಟರ್ ಗರಗರ ಸುತ್ತುತ್ತದೆ, ಎಂಜಿನ್ ಮಾತ್ರ ಹತ್ತುವುದಿಲ್ಲ. ಚೋಕ್ ಎಳೆದು, ಆಕ್ಸಿಲರೇಟರ್ ತುಳಿದು ಹತ್ತು ಸಲ ಪ್ರಯತ್ನಿಸುವಷ್ಟರಲ್ಲಿ ಬ್ಯಾಟರಿಯೂ ಸುಸ್ತಾಗುತ್ತದೆ. ಡೊಂಬಿವಲಿ, ಕಲ್ಯಾಣ್, ನವಿ ಮುಂಬೈ ಕಡೆ ಸಣ್ಣ ಹೋಟೆಲ್, ಕೇಟರಿಂಗ್ ನಡೆಸುತ್ತಾ ಹಳೆಯ ಓಮ್ನಿಯನ್ನೇ ನಂಬಿಕೊಂಡವರಿಗೆ ಈ ಪಾಡು ಹೊಸದಲ್ಲ. ಅಂದಿನ ತರಕಾರಿ ತಡವಾದರೆ ಅಂದಿನ ಊಟವೂ ತಡ.

ನಮ್ಮಲ್ಲಿ ದೊಡ್ಡ ಲಾರಿಗಳು ಬಹುತೇಕ ಡೀಸೆಲ್, ಅವಕ್ಕೆ ಕಾರ್ಬುರೇಟರ್ ಇಲ್ಲ. ಈ ತಲೆನೋವು ಇರುವುದು ಹಳೆಯ ಓಮ್ನಿ, ಮಾರುತಿ 800, ಪೆಟ್ರೋಲ್ ಜೀಪುಗಳಿಗೆ. ಮುಂಬೈನ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳ ಯುಗ 2023ರ ಅಕ್ಟೋಬರ್ 30ಕ್ಕೆ ಮುಗಿಯಿತು, ಓಮ್ನಿ ತಯಾರಿಕೆ 2019ರಲ್ಲಿ ನಿಂತಿತು. ಹಾಗಾಗಿ ಕಾರ್ಬುರೇಟರ್ ಕೆಲಸ ಚೆನ್ನಾಗಿ ಬಲ್ಲ ಮೆಕ್ಯಾನಿಕ್‌ಗಳೂ ಅಪರೂಪವಾಗುತ್ತಿದ್ದಾರೆ. ಗ್ಯಾರೇಜಿಗೆ ಹೋದರೆ ಮೊದಲು ಬರುವ ಮಾತು 'ಕಾರ್ಬುರೇಟರ್ ಸರ್ವಿಸ್ ಮಾಡಿಸಿ' ಎಂಬುದೇ. ಅದು ನಿಜವಾಗಿ ಬೇಕೇ ಎಂದು ನೀವೇ ಹತ್ತು ನಿಮಿಷದಲ್ಲಿ ತಿಳಿಯಬಹುದು.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಹಠ ಮಾಡುವುದು ಯಾವಾಗ? ಎರಡು-ಮೂರು ದಿನ ನಿಂತ ಮೇಲೆಯೇ, ಪ್ರತಿದಿನ ಬೆಳಗ್ಗೆಯೇ, ಅಥವಾ ಬಿಸಿ ಎಂಜಿನ್ ಆಫ್ ಮಾಡಿ ಕಾಲು ಗಂಟೆ ಬಿಟ್ಟಾಗಲೇ? ಮೂರಕ್ಕೂ ಕಾರಣ ಬೇರೆ ಬೇರೆ.

ಪೆಟ್ರೋಲ್ ಬರುತ್ತಿದೆಯೇ?

ಓಮ್ನಿಯಲ್ಲಿ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಎಂಜಿನ್ ಆಫ್ ಇರುವಾಗ ಏರ್ ಫಿಲ್ಟರ್ ಮುಚ್ಚಳ ತೆಗೆದು, ಚೋಕ್ ಒಳಗೆ ತಳ್ಳಿ, ಕಾರ್ಬುರೇಟರ್ ಬಾಯಿಯೊಳಗೆ ಟಾರ್ಚ್ ಹಿಡಿದು ನೋಡಿ. ಇನ್ನೊಬ್ಬರು ಆಕ್ಸಿಲರೇಟರ್ ಒತ್ತಿದಾಗ ಒಳಗೆ ಪೆಟ್ರೋಲಿನ ಸಣ್ಣ ಧಾರೆ ಚಿಮ್ಮಬೇಕು. ಚಿಮ್ಮಿದರೆ ಫ್ಲೋಟ್ ಬೌಲ್‌ನಲ್ಲಿ ಪೆಟ್ರೋಲ್ ಇದೆ ಎಂದರ್ಥ, ಆಗ ಸ್ಪಾರ್ಕ್ ಕಡೆ ಗಮನ ಕೊಡಿ. ಚಿಮ್ಮದಿದ್ದರೆ ಬೌಲ್ ಒಣಗಿದೆ, ಇಲ್ಲವೇ ಒಳಗಿನ ಆಕ್ಸಿಲರೇಟರ್ ಪಂಪ್ ಕೆಟ್ಟಿದೆ. ಬೀಡಿ, ಸಿಗರೇಟ್, ದೀಪ ಹತ್ತಿರ ಇರಕೂಡದು ಎಂದು ಬೇರೆ ಹೇಳಬೇಕಿಲ್ಲ.

ದಿನಗಟ್ಟಲೆ ನಿಂತ ಗಾಡಿಯ ಬೌಲ್ ಒಣಗುವುದು ಸಹಜ, ಪೆಟ್ರೋಲ್ ಆವಿಯಾಗುತ್ತದೆ. ಇಲ್ಲಿ ಪಂಪ್ ತಿರುಗುವುದು ಎಂಜಿನ್ ತಿರುಗಿದಾಗ ಮಾತ್ರ, ಆದ್ದರಿಂದ ಬೌಲ್ ತುಂಬುವವರೆಗೆ ಸ್ಟಾರ್ಟರ್ ಸುತ್ತಲೇಬೇಕು. ಹತ್ತು ಸೆಕೆಂಡ್ ಸುತ್ತಿ, ಅರ್ಧ ನಿಮಿಷ ಬಿಟ್ಟು, ಮತ್ತೆ ಸುತ್ತಿ. ಒಂದೇ ಸಮನೆ ಸುತ್ತಿದರೆ ಸ್ಟಾರ್ಟರ್ ಸುಡುತ್ತದೆ.

ರಾತ್ರಿ ನಿಲ್ಲಿಸಿ ಬೆಳಗ್ಗೆ ತೆಗೆದರೂ ಇದೇ ಕಥೆಯಾದರೆ ಪೆಟ್ರೋಲ್ ಟ್ಯಾಂಕಿನತ್ತ ವಾಪಸ್ ಹೋಗುತ್ತಿರಬಹುದು. ಟ್ಯಾಂಕ್ ಮತ್ತು ಪಂಪ್ ನಡುವಿನ ರಬ್ಬರ್ ಹೋಸ್‌ನಲ್ಲಿ ಕೂದಲೆಳೆ ಬಿರುಕಿದ್ದರೂ ಸಾಕು. ಅಲ್ಲಿ ಪೆಟ್ರೋಲ್ ಸೋರದೆಯೂ ಗಾಳಿ ಒಳಗೆ ನುಗ್ಗುತ್ತದೆ, ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಇಗ್ನಿಷನ್ ಕಾಯಿಲ್ ಸಂಪರ್ಕ ತೆಗೆದು, ಕಾರ್ಬುರೇಟರ್‌ಗೆ ಬರುವ ಹೋಸ್ ತುದಿಯನ್ನು ಗಾಜಿನ ಬಾಟಲಿಗೆ ಇಟ್ಟು ಸ್ಟಾರ್ಟರ್ ಸುತ್ತಿಸಿ. ಪೆಟ್ರೋಲ್ ತಡೆತಡೆದು, ಆದರೆ ಜೋರಾಗಿ ಚಿಮ್ಮಬೇಕು. ಗುಳ್ಳೆ ಬಂದರೆ ಹೋಸ್, ಸಣ್ಣಗೆ ಬಂದರೆ ಫಿಲ್ಟರ್ ಅಥವಾ ಪಂಪ್. ಓಡುತ್ತಾ ಓಡುತ್ತಾ ಸೊರಗುವ ಗಾಡಿ ಟ್ಯಾಂಕ್ ಮುಚ್ಚಳ ತೆಗೆದಾಗ 'ಸುಯ್' ಎಂದು ಚೇತರಿಸಿಕೊಂಡರೆ ಮುಚ್ಚಳದ ಗಾಳಿರಂಧ್ರ ಕಟ್ಟಿದೆ.

ಡಿಪ್‌ಸ್ಟಿಕ್ ಎಳೆದು ಮೂಸಿಯೂ ನೋಡಿ. ಆಯಿಲ್ ಮಟ್ಟ ತಾನಾಗಿ ಏರಿ ಪೆಟ್ರೋಲ್ ವಾಸನೆ ಬಂದರೆ ಪಂಪಿನ ಡಯಾಫ್ರಂ ಹರಿದು ಪೆಟ್ರೋಲ್ ಎಂಜಿನ್ ಆಯಿಲ್‌ಗೆ ಸೇರುತ್ತಿರಬಹುದು. ಅಂಥ ಗಾಡಿಯನ್ನು ವಾಶಿವರೆಗಲ್ಲ, ಪಕ್ಕದ ಬೀದಿಗೂ ಓಡಿಸಬೇಡಿ. ತೆಳುವಾದ ಆಯಿಲ್ ಬೇರಿಂಗ್‌ಗಳನ್ನು ತಿಂದುಹಾಕುತ್ತದೆ.

ಟ್ರಾಫಿಕ್‌ನಲ್ಲಿ ಕೈಕೊಟ್ಟರೆ

ಮೇ ತಿಂಗಳ ಮಧ್ಯಾಹ್ನ ಶಿಳ್‌ಫಾಟಾದಲ್ಲಿ ಅರ್ಧ ಗಂಟೆ ಸಿಕ್ಕಿಬಿದ್ದು, ಸ್ವಲ್ಪ ಹೊತ್ತು ಎಂಜಿನ್ ಆಫ್ ಮಾಡಿದ ಮೇಲೆ ಗಾಡಿ ಹತ್ತದಿದ್ದರೆ ಬೌಲ್‌ನ ಪೆಟ್ರೋಲ್ ಕುದಿದು ಎಂಜಿನ್ ಒಳಗೆ ತುಂಬಿದೆ ಎಂದೇ ತಿಳಿಯಿರಿ. ಇಲ್ಲಿ ಚೋಕ್ ಎಳೆಯುವುದು ದೊಡ್ಡ ತಪ್ಪು. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಪದೇಪದೇ ತುಳಿಯದೆ, ಸ್ಟಾರ್ಟರ್ ಸುತ್ತಿ. ಹೆಚ್ಚಾದ ಪೆಟ್ರೋಲ್ ಗಾಳಿಯೊಂದಿಗೆ ಹೊರಹೋಗಿ ಎಂಜಿನ್ ಹತ್ತುತ್ತದೆ. ತಣ್ಣಗಿರುವಾಗಲೂ ಸ್ಪಾರ್ಕ್ ಪ್ಲಗ್ ಒದ್ದೆಯಾಗಿ, ಕಪ್ಪಾಗಿ ಬರುತ್ತಿದ್ದರೆ ಫ್ಲೋಟ್‌ನ ಸೂಜಿ ವಾಲ್ವ್ ಸವೆದಿರಬಹುದು, ಫ್ಲೋಟ್ ತೂತಾಗಿರಬಹುದು. ಆಗ ಕಾರ್ಬುರೇಟರ್ ಬಿಚ್ಚಿಸಲೇಬೇಕು.

ಇನ್ನು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಂಕಣದ ತೇವ ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೆ, ಪ್ಲಗ್ ವೈರ್‌ಗಳ ಮೇಲೆ ಕೂರುತ್ತದೆ. ಮುಚ್ಚಳ ತೆಗೆದು ಒಣ ಬಟ್ಟೆಯಲ್ಲಿ ಒರೆಸಿ ನೋಡಿ. ಮಳೆಗಾಲದಲ್ಲಿ ಕಾರ್ಬುರೇಟರ್ ಮೇಲೆ ಹೊರಿಸುವ ಎಷ್ಟೋ ತಪ್ಪುಗಳು ಈ ಮುಚ್ಚಳದ ಕೆಳಗೇ ಇರುತ್ತವೆ.

ಇ20 ಮಾಡುವ ಕಿತಾಪತಿ

ಬೆಂಗಳೂರಿನಲ್ಲಿ 2023ರ ಫೆಬ್ರವರಿಯಲ್ಲಿ ಚಾಲನೆ ಪಡೆದ ಇ20, ಅಂದರೆ ಶೇ.20 ಎಥನಾಲ್ ಬೆರೆತ ಪೆಟ್ರೋಲ್, ಈಗ ಎಲ್ಲ ಕಡೆ ಸಿಗುತ್ತಿದೆ. ಎಥನಾಲ್ ತನ್ನೊಳಗೇ ಆಮ್ಲಜನಕ ಹೊತ್ತು ತರುವುದರಿಂದ ಉರಿಯಲು ಹೆಚ್ಚು ಇಂಧನ ಬೇಕು. ಹೊಸ ಕಾರಿನ ಕಂಪ್ಯೂಟರ್ ಇದನ್ನು ಅರಿತು ಇಂಜೆಕ್ಟರ್ ಸರಿಹೊಂದಿಸುತ್ತದೆ. ಕಾರ್ಬುರೇಟರ್‌ನ ಜೆಟ್ ಹಿತ್ತಾಳೆಯ ಒಂದು ತೂತು, ಅದಕ್ಕೆ ಏನೂ ತಿಳಿಯದು. ಮಿಶ್ರಣ ತೆಳುವಾಗಿ ಬೆಳಗಿನ ಸ್ಟಾರ್ಟ್ ಕಷ್ಟವಾಗುತ್ತದೆ. ಎಥನಾಲ್ ಇಲ್ಲದ ಪೆಟ್ರೋಲ್‌ಗೆ ವಿನ್ಯಾಸಗೊಳಿಸಿ, ಇ10ಗೆ ಹೊಂದಿಸಿದ ಕಾರುಗಳಲ್ಲಿ ಮೈಲೇಜ್ ಶೇ.6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು.

ಎಥನಾಲ್ ನೀರನ್ನು ಹೀರುತ್ತದೆ, ಮಿತಿ ಮೀರಿದಾಗ ನೀರಿನೊಂದಿಗೆ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತದೆ. ಹೊರಪೈಪು ಎಳೆಯುವುದು ತಳದಿಂದಲೇ. ಆ ಗಾಜಿನ ಬಾಟಲಿಯನ್ನು ಅರ್ಧ ಗಂಟೆ ಅಲುಗಿಸದೆ ಇಟ್ಟರೆ ತಳದಲ್ಲಿ ಬೇರೆ ಪದರ ಕಾಣುತ್ತದೆ. ಕಂಡರೆ ಟ್ಯಾಂಕ್ ಖಾಲಿ ಮಾಡಿಸದೆ ದಾರಿಯಿಲ್ಲ. ಹಳೆಯ ರಬ್ಬರ್ ಹೋಸ್, ಡಯಾಫ್ರಂಗಳು ಎಥನಾಲ್‌ಗೆ ಉಬ್ಬಿ ಮೆತ್ತಗಾಗುತ್ತವೆ. ಎಥನಾಲ್ ತಾಳುವ ಹೋಸ್‌ಗೆ ತಗಲುವ ಖರ್ಚು ಸಣ್ಣದು, ಸೀಟಿನ ಕೆಳಗೆ ಪೆಟ್ರೋಲ್ ಸೋರುವುದು ಸಣ್ಣದಲ್ಲ.

ಸಿಎನ್‌ಜಿ ಕಿಟ್ ಹಾಕಿಸಿದವರಿಗೆ ಮತ್ತೊಂದು ಮಾತು. ಗ್ಯಾಸ್‌ನಲ್ಲೇ ಓಡುವ ಗಾಡಿಯ ಟ್ಯಾಂಕಿನಲ್ಲಿ ನಾಲ್ಕು ಲೀಟರ್ ಪೆಟ್ರೋಲ್ ತಿಂಗಳುಗಟ್ಟಲೆ ಕೊಳೆಯುತ್ತದೆ, ಬೌಲ್‌ನಲ್ಲಿ ಅಂಟು ಕಟ್ಟುತ್ತದೆ. ಸಿಎನ್‌ಜಿ ಮುಗಿದ ದಿನವೇ ಪೆಟ್ರೋಲ್ ನೆನಪಾಗುವುದು, ಅಂದೇ ಅದು ಕೈಕೊಡುವುದು. ವಾರಕ್ಕೊಮ್ಮೆ ಐದಾರು ಕಿಲೋಮೀಟರ್ ಪೆಟ್ರೋಲ್‌ನಲ್ಲಿ ಓಡಿಸಿ. ಮತ್ತೆ ಗ್ಯಾಸ್‌ಗೆ ಬದಲಿಸುವಾಗ ಸ್ವಿಚ್ಚನ್ನು ನಡುವಿನ ಸ್ಥಾನದಲ್ಲಿಟ್ಟು, ಬೌಲ್ ಬರಿದಾಗಿ ಎಂಜಿನ್ ತಡವರಿಸುವ ಹೊತ್ತಿಗೆ ಬದಲಿಸಿ.