ಮದ್ದಿನ ಬಲ ಕುಂದಿಸುವ ಹೊಗೆ

ಆಸ್ತಮಾ ಇರುವವರು ಬೀಡಿ, ಸಿಗರೇಟು ಸೇದಬಾರದು ಎಂಬ ಮಾತು ಯಾರಿಗೂ ಹೊಸದಲ್ಲ. ಯಾಕೆಂದು ಕೇಳಿದರೆ ಹೆಚ್ಚಿನವರು ಹೇಳುವುದು ಒಂದೇ: ಹೊಗೆ ಒಳಗೆ ಹೋದರೆ ಕೆಮ್ಮು ಹತ್ತುತ್ತದೆ, ಉಬ್ಬಸ ಕೆರಳುತ್ತದೆ. ಅದು ನಿಜವೇ. ಆದರೆ ಅಪಾಯ ಅಷ್ಟಕ್ಕೇ ಮುಗಿಯುವುದಾದರೆ, ಕೆರಳಿದಾಗ ಎರಡು ಸಲ ಇನ್ಹೇಲರ್ ಎಳೆದುಕೊಂಡರೆ ಸಾಕೆಂದು ಸಮಾಧಾನಪಟ್ಟುಕೊಳ್ಳಬಹುದಿತ್ತು. ಎಷ್ಟೋ ಜನ ಹಾಗೆಯೇ ಬದುಕುತ್ತಿದ್ದಾರೆ. ಒಂದು ಜೇಬಿನಲ್ಲಿ ಬೀಡಿ ಕಟ್ಟು, ಇನ್ನೊಂದರಲ್ಲಿ ಪಂಪು. ಈ ಲೆಕ್ಕಾಚಾರ ತಪ್ಪು. ತಂಬಾಕಿನ ಹೊಗೆ ಕಾಯಿಲೆಯನ್ನು ಕೆರಳಿಸುತ್ತದೆ, ಜೊತೆಗೆ ಕಾಯಿಲೆಯನ್ನು ಹಿಡಿತದಲ್ಲಿಡುವ ಮದ್ದಿನ ಬಲವನ್ನೂ ಕುಂದಿಸುತ್ತದೆ. ನಮ್ಮಲ್ಲಿ ತೀರ ಕಡಿಮೆ ಚರ್ಚೆಯಾಗಿರುವುದು ಈ ಎರಡನೆಯ ಅಪಾಯವೇ.

ಆಸ್ತಮಾದಲ್ಲಿ ಶ್ವಾಸನಾಳಗಳ ಒಳಪದರ ಸದಾ ಸ್ವಲ್ಪ ಊದಿಕೊಂಡಿರುತ್ತದೆ. ಧೂಳು, ಶೀತ, ಹೊಗೆ, ಏನಾದರೂ ತಗುಲಿದರೆ ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಗೆ ಅಂಟಾದ ಕಫ ಕಟ್ಟುತ್ತದೆ. ಕೊಳವೆಯ ಅಗಲ ಅರ್ಧಕ್ಕಿಳಿದರೆ ಗಾಳಿಗೆ ಎದುರಾಗುವ ತಡೆ ಎರಡು ಪಟ್ಟಾಗುತ್ತದೆಂದು ನಮಗೆ ತೋರುತ್ತದೆ. ನಯವಾಗಿ ಹರಿಯುವ ಗಾಳಿಯ ವಿಷಯದಲ್ಲಿ ಭೌತಶಾಸ್ತ್ರ ಹೇಳುವುದು 16 ಪಟ್ಟು. ಒಂದಿಷ್ಟು ಊತ ಹೆಚ್ಚಾದರೂ ಎದೆ ಬಿಗಿದು, ಸುಂಯ್ ಸುಂಯ್ ಸದ್ದು ಬಂದು, ಮಾತು ಅರ್ಧಕ್ಕೇ ನಿಲ್ಲುವುದು ಇದರಿಂದಲೇ. ಇಂಥ ನಾಳದೊಳಗೆ ಇಳಿಯುವ ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಕಫವನ್ನು ಮೇಲಕ್ಕೆ ತಳ್ಳಿ ಹೊರಹಾಕುವ ಸೂಕ್ಷ್ಮ ರೋಮಗಳನ್ನು ಅವು ನಿಷ್ಕ್ರಿಯಗೊಳಿಸುತ್ತವೆ. ಕಫ ಹೆಚ್ಚುತ್ತದೆ, ಹೊರಹೋಗುವ ದಾರಿ ಮುಚ್ಚುತ್ತದೆ.

ಈಗ ಮದ್ದಿನ ವಿಷಯಕ್ಕೆ ಬರೋಣ. ಆಸ್ತಮಾಕ್ಕೆ ಕೊಡುವ ಇನ್ಹೇಲರ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಔಷಧಗಳಿರುತ್ತವೆ. ಒಂದು ಬಿಗಿದ ಸ್ನಾಯುವನ್ನು ಸಡಿಲಿಸಿ ಆ ಕ್ಷಣಕ್ಕೆ ಉಸಿರು ಕೊಡುತ್ತದೆ. ಇನ್ನೊಂದು ಸ್ಟೀರಾಯ್ಡ್, ಅದು ಊತವನ್ನೇ ಇಳಿಸುತ್ತದೆ, ಸಾವಿನ ಅಪಾಯ ತಗ್ಗಿಸುವುದೂ ಅದೇ. ಸ್ಕಾಟ್ಲೆಂಡಿನ ಗ್ಲಾಸ್ಗೋದ ವೈದ್ಯರು 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಆಸ್ತಮಾ ರೋಗಿಗಳಿಗೆ ಎರಡು ವಾರ ದಿನಕ್ಕೆ 40 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಮಾತ್ರೆ ಕೊಟ್ಟು ನೋಡಿದರು. ಅದು ಸಣ್ಣ ಪ್ರಮಾಣವಲ್ಲ. ಎಂದೂ ಸಿಗರೇಟು ಸೇದದವರ ಉಸಿರಾಟ ಎದ್ದು ಕಾಣುವಷ್ಟು ಸುಧಾರಿಸಿತು. ಸೇದುವವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯೇ ಆಗಲಿಲ್ಲ. ಉರಿಯೂತದ ವಂಶವಾಹಿಗಳನ್ನು ಅಡಗಿಸಲು ಸ್ಟೀರಾಯ್ಡಿಗೆ ಜೀವಕೋಶದೊಳಗಿನ ಒಂದು ಕಿಣ್ವದ ನೆರವು ಬೇಕು. ಹೊಗೆ ಆ ಕಿಣ್ವವನ್ನು ದುರ್ಬಲಗೊಳಿಸುತ್ತದೆ ಎಂಬುದು ವಿಜ್ಞಾನಿಗಳು ಕೊಡುವ ಮುಖ್ಯ ಕಾರಣ. ಸ್ನಾಯು ಸಡಿಲಿಸುವ ಪಂಪು ಮಾತ್ರ ಕೆಲಸ ಮಾಡುತ್ತಲೇ ಇರುವುದರಿಂದ ರೋಗಿಗೆ ಎಲ್ಲವೂ ಸರಿಯಿದೆ ಎನಿಸುತ್ತದೆ. ಒಳಗಿನ ಊತ ಇಳಿದಿರುವುದಿಲ್ಲ. ದಿನಕ್ಕೆ ಎರಡು ಪಫ್ ಇದ್ದದ್ದು ನಾಲ್ಕಾಗುತ್ತದೆ, ಆರಾಗುತ್ತದೆ; ಕೊನೆಗೊಂದು ರಾತ್ರಿ ಅದೂ ಸಾಲದೆ ತುರ್ತು ಚಿಕಿತ್ಸೆಗೆ ಓಡಬೇಕಾಗುತ್ತದೆ.

ನಮ್ಮ ಊರುಗಳಲ್ಲಿ ಬಹಳ ಬಳಕೆಯಲ್ಲಿರುವ ಡೆರಿಫಿಲಿನ್ ಮಾತ್ರೆಯ ಕಥೆಯೂ ಹೀಗೆಯೇ. ಅದರಲ್ಲಿರುವ ಥಿಯೋಫಿಲಿನ್ ಅನ್ನು ಸೇದುವವರ ಯಕೃತ್ತು ಬೇಗ ಬೇಗ ಕರಗಿಸಿಬಿಡುತ್ತದೆ, ರಕ್ತದಲ್ಲಿ ಬೇಕಾದಷ್ಟು ಮದ್ದು ಉಳಿಯುವುದಿಲ್ಲ. ಸೇದುವುದನ್ನು ನಿಲ್ಲಿಸಿದಾಗ ಅದೇ ಪ್ರಮಾಣ ಹೆಚ್ಚಾಗಬಹುದು. ಆದ್ದರಿಂದ ಬಿಟ್ಟ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಹಿರಿಯರೆದುರು, ವೈದ್ಯರೆದುರು ಬೀಡಿ ಸೇದುವ ವಿಷಯ ಮುಚ್ಚಿಡುವುದು ನಮ್ಮಲ್ಲಿ ಮರ್ಯಾದೆಯ ರೂಢಿ. ಆಸ್ತಮಾದಲ್ಲಿ ಆ ಮರ್ಯಾದೆ ಚಿಕಿತ್ಸೆಯ ದಿಕ್ಕನ್ನೇ ತಪ್ಪಿಸುತ್ತದೆ. ಮದ್ದು ಯಾಕೆ ನಾಟುತ್ತಿಲ್ಲವೆಂದು ತಿಳಿಯದೆ ವೈದ್ಯರು ಪ್ರಮಾಣ ಏರಿಸುತ್ತ ಹೋಗುತ್ತಾರೆ.

ದೂರದ ಪರಿಣಾಮ ಇನ್ನೂ ಕಠಿಣ. ಕೋಪನ್‌ಹೇಗನ್ ನಗರದ ಸಾವಿರಾರು ಜನರನ್ನು 15 ವರ್ಷ ಹಿಂಬಾಲಿಸಿ 1998ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮೊದಲ ಒಂದು ಸೆಕೆಂಡಿನಲ್ಲಿ ಜೋರಾಗಿ ಊದಬಲ್ಲ ಗಾಳಿಯ ಪ್ರಮಾಣ ಆಸ್ತಮಾ ಇಲ್ಲದವರಲ್ಲಿ ವರ್ಷಕ್ಕೆ 22 ಮಿಲಿಲೀಟರ್ ಇಳಿದರೆ, ಆಸ್ತಮಾ ಇರುವವರಲ್ಲಿ 38 ಮಿಲಿಲೀಟರ್ ಇಳಿಯುತ್ತಿತ್ತು. ಸೇದುವವರಲ್ಲಿ ಇಳಿಕೆ ಮತ್ತಷ್ಟು ಕಡಿದಾಗಿತ್ತು. ಹೀಗೆ ಕಳೆದುಹೋದ ಶಕ್ತಿಯೆಲ್ಲ ಮರಳಿ ಬರುವುದಿಲ್ಲ.

ಇಷ್ಟು ಹೇಳಿದರೂ ಎದುರುವಾದಗಳಿವೆ, ಅವನ್ನು ತಳ್ಳಿಹಾಕುವುದು ಸರಿಯಲ್ಲ. ಬೀಡಿ ಸೇದಿದರೆ ಕಫ ಸಡಿಲವಾಗಿ ಹಗುರಾಗುತ್ತದೆ ಎನ್ನುವವರಿದ್ದಾರೆ. ಹೊಗೆಯಿಂದ ಉಬ್ಬಸಕ್ಕೆ ಮದ್ದು ಮಾಡಿದ ಚರಿತ್ರೆಯೂ ಉಂಟು. ನಮ್ಮ ನಾಡಿನಲ್ಲಿ ದತ್ತೂರಿಯ ಹೊಗೆ ಎಳೆಯುವ ಪದ್ಧತಿಯಿತ್ತು. 19ನೇ ಶತಮಾನದ ಆರಂಭದಲ್ಲಿ ಅದು ಮದ್ರಾಸಿನಿಂದ ಬ್ರಿಟನ್ನಿಗೆ ಹೋಯಿತು, ಮುಂದೆ ಯುರೋಪಿನ ಅಂಗಡಿಗಳಲ್ಲಿ ಆಸ್ತಮಾ ಸಿಗರೇಟುಗಳೇ ಮಾರಾಟವಾದವು. ಅಲ್ಲಿ ಕೆಲಸ ಮಾಡುತ್ತಿದ್ದದ್ದು ಹೊಗೆಯಲ್ಲ, ದತ್ತೂರಿಯಲ್ಲಿರುವ ಅಟ್ರೋಪಿನ್ ಮತ್ತು ಅದರ ಬಳಗದ ರಾಸಾಯನಿಕಗಳು. ಅದೇ ಬಳಗದ ಇಪ್ರಾಟ್ರೋಪಿಯಂ, ಟಿಯೋಟ್ರೋಪಿಯಂ ಇಂದು ಹೊಗೆಯಿಲ್ಲದೆ, ಅಳತೆ ತಪ್ಪದೆ ಇನ್ಹೇಲರ್‌ನಲ್ಲಿ ಸಿಗುತ್ತವೆ. ದತ್ತೂರಿ ವಿಷ, ಅದನ್ನು ಮನೆಯಲ್ಲಿ ಪ್ರಯೋಗಿಸುವುದು ಪ್ರಾಣಕ್ಕೆ ಅಪಾಯ. ಬೀಡಿಯಲ್ಲಂತೂ ಆ ಗುಣವೂ ಇಲ್ಲ. ಬೀಡಿಯ ಎಲೆ ಸುಲಭವಾಗಿ ಉರಿಯದು, ಆಗಾಗ ಎಳೆಯದಿದ್ದರೆ ಆರಿಹೋಗುತ್ತದೆ. ಹಾಗಾಗಿ ಸೇದುವವರು ಜೋರಾಗಿ, ಪದೇ ಪದೇ ಎಳೆಯುತ್ತಾರೆ. ಗಾತ್ರದಲ್ಲಿ ಚಿಕ್ಕದೆಂಬ ಕಾರಣಕ್ಕೆ ಅದು ಸಿಗರೇಟಿಗಿಂತ ಸೌಮ್ಯವೆಂದು ನಂಬುವುದಕ್ಕೆ ಯಾವ ಆಧಾರವೂ ಇಲ್ಲ.

ಬಿಟ್ಟ ಮೇಲೆ ಕೆಮ್ಮು ಜಾಸ್ತಿಯಾಯಿತು, ಅದಕ್ಕೇ ಮತ್ತೆ ಹಿಡಿದೆ ಎಂಬ ಮಾತೂ ಆಗಾಗ ಕೇಳಿಬರುತ್ತದೆ. ಅನುಭವ ಸುಳ್ಳಲ್ಲ, ಅರ್ಥ ಮಾಡಿಕೊಂಡ ಬಗೆ ತಪ್ಪು. ಜಡವಾಗಿದ್ದ ರೋಮಗಳು ಚೇತರಿಸಿಕೊಂಡು ಹಳೆಯ ಕಫವನ್ನು ಹೊರದೂಡತೊಡಗಿದಾಗ ಕೆಲವು ವಾರ ಕೆಮ್ಮು ಹೆಚ್ಚುವುದು ಸಹಜ. ಮೂವತ್ತು ವರ್ಷ ಸೇದಿಯಾಯಿತು, ಇನ್ನು ಬಿಟ್ಟು ಏನು ಪ್ರಯೋಜನ ಎನ್ನುವವರಿಗೂ ಗ್ಲಾಸ್ಗೋದಲ್ಲೇ ಉತ್ತರವಿದೆ. 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಸ್ತಮಾ ಇದ್ದ 10 ಜನ ಸಿಗರೇಟು ಬಿಟ್ಟರು, 10 ಜನ ಮುಂದುವರಿಸಿದರು. ಆರೇ ವಾರಗಳಲ್ಲಿ ಊದುವ ಶಕ್ತಿಯಲ್ಲಿ ಎರಡು ಗುಂಪುಗಳ ನಡುವೆ ಸರಾಸರಿ 407 ಮಿಲಿಲೀಟರ್ ಅಂತರ ಬಿತ್ತು. ಅಧ್ಯಯನ ಚಿಕ್ಕದು, ನಿಜ. ಆದರೆ ಅಷ್ಟು ಬೇಗ ಅಷ್ಟು ಲಾಭ ಕೊಡುವ ಮದ್ದು ಆಸ್ತಮಾದಲ್ಲಿ ಬಹಳವೇನಿಲ್ಲ.

ಸೌದೆ ಒಲೆಯ ಹೊಗೆ, ವಾಹನಗಳ ಹೊಗೆ ಇರುವಾಗ ಬೀಡಿಯೊಂದನ್ನೇ ಏಕೆ ದೂರುತ್ತೀರಿ ಎಂಬ ಪ್ರಶ್ನೆಯಲ್ಲಿ ನ್ಯಾಯವಿದೆ. ಆ ಹೊಗೆಗಳೂ ಕೆಟ್ಟವೇ. ಆದರೆ ಒಂದರ ಮೇಲೊಂದು ಸೇರಿ ಹಾನಿ ಹೆಚ್ಚುತ್ತದೆ, ಮತ್ತು ರಸ್ತೆಯ ಹೊಗೆ ನಿಲ್ಲಿಸುವುದು ಒಬ್ಬನ ಕೈಯಲ್ಲಿಲ್ಲ. ಬೀಡಿ ಅವನ ಕೈಯಲ್ಲೇ ಇದೆ. ಅದರ ಹೊಗೆ ಅವನೊಬ್ಬನಿಗೇ ಸೀಮಿತವೂ ಅಲ್ಲ. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಧೂಮಪಾನ ಮಾಡುವ ವಯಸ್ಕರು ಶೇ. 10.7 ಇದ್ದರೆ, ಮನೆಯೊಳಗೇ ಇತರರ ಹೊಗೆಗೆ ಒಡ್ಡಿಕೊಳ್ಳುತ್ತಿದ್ದವರು ಶೇ. 38.7. ಸ್ಕಾಟ್ಲೆಂಡಿನಲ್ಲಿ 2006ರ ಮಾರ್ಚಿಗೆ ಮೊದಲು ಆಸ್ತಮಾಕ್ಕಾಗಿ ಆಸ್ಪತ್ರೆ ಸೇರುವ ಮಕ್ಕಳ ಪ್ರಮಾಣ ವರ್ಷಕ್ಕೆ ಶೇ. 5.2ರಷ್ಟು ಏರುತ್ತಿತ್ತು. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧಿಸಿದ ಮೇಲೆ ಅದು ವರ್ಷಕ್ಕೆ ಶೇ. 18.2ರಂತೆ ಇಳಿಯಿತು. ದೊಡ್ಡವರು ಸೇದುವುದು ಕಡಿಮೆಯಾದರೆ ಮಕ್ಕಳು ಉಸಿರಾಡುತ್ತಾರೆ ಎನ್ನಲು ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ. ಭಾರತದಲ್ಲೂ 2008ರ ಅಕ್ಟೋಬರ್ 2ರಿಂದ ಅಂಥ ನಿಷೇಧ ಜಾರಿಯಲ್ಲಿದೆ. ಬಸ್ ನಿಲ್ದಾಣದ ಪಕ್ಕದ ಚಹಾ ಅಂಗಡಿಗಳ ಮುಂದೆ ಅದು ಎಷ್ಟು ಪಾಲನೆಯಾಗುತ್ತಿದೆ ಎಂಬುದು ಎಲ್ಲರಿಗೂ ಗೊತ್ತು. ಕಿಟಕಿ ತೆರೆದು ಸೇದುತ್ತೇನೆ, ಜಗಲಿಯಲ್ಲಿ ಸೇದುತ್ತೇನೆ ಎಂಬ ಎಚ್ಚರಿಕೆಯೂ ಸಾಲದು. ಇಂತಿಷ್ಟು ಹೊಗೆಯಾದರೆ ಅಪಾಯವಿಲ್ಲ ಎನ್ನುವಂಥ ಮಿತಿ ಪರರ ಹೊಗೆಗೆ ಇಲ್ಲ.

ಆದ್ದರಿಂದ ಧೂಮಪಾನ ಬಿಡಿಸುವುದನ್ನು ಆಸ್ತಮಾ ಚಿಕಿತ್ಸೆಯ ಜೊತೆ ಹೇಳುವ ಬುದ್ಧಿಮಾತು ಎಂದು ನೋಡದೆ, ಚೀಟಿಯಲ್ಲಿ ಬರೆಯುವ ಮೊದಲ ಔಷಧ ಎಂದೇ ನೋಡಬೇಕು. ನಿಕೋಟಿನ್ ಹಿಡಿತ ಬಲವಾದದ್ದು. ಬಿಡಲಾಗದವರನ್ನು ಮನೋಬಲ ಇಲ್ಲದವರೆಂದು ಬಯ್ಯುವುದರಿಂದ ಯಾರೂ ಬಿಟ್ಟಿಲ್ಲ. ನಿಕೋಟಿನ್ ಗಮ್, ಮಾತ್ರೆ, ಆಪ್ತಸಮಾಲೋಚನೆ ಸೇರಿದರೆ ಬಿಡುವ ಸಾಧ್ಯತೆ ಹೆಚ್ಚುತ್ತದೆ. ಮನೆಯಲ್ಲಿ ಉಬ್ಬಸದವರಿದ್ದು ಸೇದುವ ಅಭ್ಯಾಸವೂ ಇದ್ದರೆ, ಮುಂದಿನ ಸಲ ವೈದ್ಯರ ಬಳಿ ಹೋದಾಗ ದಿನಕ್ಕೆ ಎಷ್ಟು ಎಂಬುದನ್ನು ಸಂಕೋಚಪಡದೆ ಹೇಳಿ. ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 1800-11-2356. ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರಗಳಲ್ಲೊಂದು.