ಪಹಣಿಯಲ್ಲಿ ಅಣ್ಣನ ಹೆಸರು, ಹೊಲದಲ್ಲಿ ಎಲ್ಲರ ಪಾಲು

ಅಪ್ಪ ತೀರಿಕೊಂಡ ಮೇಲೆ ಪವತಿ ಖಾತೆ ಮಾಡಿಸುವಾಗ ಹಿರಿಮಗನ ಹೆಸರೊಂದನ್ನೇ ಬರೆಸಿಬಿಡುವುದು ನಮ್ಮ ಬಯಲುಸೀಮೆ ಕಡೆ ರೂಢಿ. ಸೊಸೈಟಿ ಸಾಲಕ್ಕೆ, ಬೆಳೆ ಪರಿಹಾರಕ್ಕೆ ಒಬ್ಬನೇ ಓಡಾಡಿದರೆ ಸಾಕು ಅಂತ. ಹತ್ತಿಪ್ಪತ್ತು ವರ್ಷ ಏನೂ ಆಗೋದಿಲ್ಲ. ಬೋರಿನಲ್ಲಿ ನೀರು ಬಂತೋ, ಹೊಲದ ಪಕ್ಕ ರಸ್ತೆ ಬಂತೋ, ಆಗ ಶುರು. "ಪಹಣಿ ನನ್ನ ಹೆಸರಲ್ಲಿದೆ, ಹೊಲ ನಂದು" ಅಂತಾನೆ ಅಣ್ಣ.

ಹಾಗಲ್ಲ. ಖಾತೆ ಒಬ್ಬನ ಹೆಸರಿಗೆ ಕೂತ ಮಾತ್ರಕ್ಕೆ ಉಳಿದವರ ಹಕ್ಕು ಹೋಗುವುದಿಲ್ಲ. ತಕರಾರು ಬಿದ್ದರೆ ಹಕ್ಕು ತೀರ್ಮಾನ ಮಾಡುವುದು ಸಿವಿಲ್ ಕೋರ್ಟು.

ವಕೀಲರ ಕೆಲಸ ಅಂದರೆ ಕರೀಕೋಟು ಹಾಕಿ ವಾದ ಮಾಡೋದು ಅಂತ ನಾವು ತಿಳಿದಿದ್ದೇವೆ. ಪಾಲಿನ ದಾವೆಯಲ್ಲಿ ಅರ್ಧ ಕೆಲಸ ಕಾಗದ ಹುಡುಕುವುದೇ. ವಂಶವೃಕ್ಷ, ಹಳೇ ಪಹಣಿ, ಮ್ಯುಟೇಶನ್, ಇ.ಸಿ., ತಾತನ ಕಾಲದ ಕ್ರಯಪತ್ರ. ಇವನ್ನೆಲ್ಲ ಹರಡಿಕೊಂಡು ಯಾವುದು ಪಿತ್ರಾರ್ಜಿತ, ಯಾವುದು ಸ್ವಯಾರ್ಜಿತ ಅಂತ ಬೇರೆ ಮಾಡುತ್ತಾರೆ. ಲೆಕ್ಕ ನಿಲ್ಲೋದು ಇಲ್ಲೇ. ಹಿಂದೂ ಕುಟುಂಬದಲ್ಲಿ ಅಪ್ಪ ತಾನೇ ದುಡಿದು ಕೊಂಡ 8 ಎಕರೆ ಇದ್ದು, ಉಯಿಲು ಬರೆಯದೆ ತೀರಿಕೊಂಡರೆ, ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು, ನಾಲ್ವರಿಗೂ ಎರಡೆರಡು ಎಕರೆ (ಅಪ್ಪನ ತಾಯಿ ಬದುಕಿದ್ದರೆ ಅವರಿಗೂ ಒಂದು ಪಾಲು). ಪಿತ್ರಾರ್ಜಿತವಾದರೆ ಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಇರುತ್ತದೆ, ಅಪ್ಪನ ಪಾಲನ್ನು ಮಾತ್ರ ಮತ್ತೆ ಹಂಚಬೇಕು.

ಹೆಣ್ಣುಮಕ್ಕಳ ವಿಷಯದಲ್ಲೇ ಜಗಳ ಹೆಚ್ಚು. ನಮ್ಮ ರಾಜ್ಯ 1994ರಲ್ಲೇ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತು, ಆದರೆ ಅಷ್ಟರೊಳಗೆ ಮದುವೆಯಾದವರಿಗೆ ಇಲ್ಲ ಅಂದಿತು. 2005ರ ಕೇಂದ್ರದ ತಿದ್ದುಪಡಿ ಮದುವೆಯ ಷರತ್ತು ತೆಗೆಯಿತು. ಅಪ್ಪ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಮಗಳಿಗೆ ಪಾಲುಂಟು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲು ರಿಜಿಸ್ಟರ್ ಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ಆದ ಭಾಗವನ್ನು ಕೆದಕುವಂತಿಲ್ಲ. ಪಂಚರ ಮುಂದೆ ಬಾಯಿಮಾತಿನಲ್ಲಿ ಆದ ಭಾಗ ಕೋರ್ಟಿನಲ್ಲಿ ನಿಲ್ಲುವುದು ಬಲು ಕಷ್ಟ. ಸೀರೆ, ಅರಿಶಿನ ಕುಂಕುಮ ಕೊಟ್ಟು ಬಿಳಿ ಹಾಳೆ ಮೇಲೆ ಅಕ್ಕನ ಹೆಬ್ಬೆಟ್ಟು ಒತ್ತಿಸಿಕೊಂಡದ್ದೂ ಅಷ್ಟೇ. ಹಕ್ಕು ಬಿಡುಗಡೆ ಪತ್ರ ರಿಜಿಸ್ಟರ್ ಆಗಿರಬೇಕು. ಪಾಲು ಕೇಳಿದವಳಿಗೆ ತವರು ಇಲ್ಲ ಅನ್ನುವವರಿದ್ದಾರೆ. ನನಗೆ ಆ ಮಾತು ಸರಿ ಕಾಣಲ್ಲ. ಕಳೆ ಕೀಳುವಾಗ ಅವಳೂ ಸಾಲು ಹಿಡಿದವಳೇ ಅಲ್ಲವೇ?

ದಾವೆ ಹಾಕುವುದಾದರೆ ಎಲ್ಲ ವಾರಸುದಾರರೂ, ಕುಟುಂಬದ ಎಲ್ಲ ಸರ್ವೆ ನಂಬರುಗಳೂ ಅದರಲ್ಲಿ ಬರಬೇಕು. ಒಬ್ಬ ತಂಗಿಯನ್ನು ಬಿಟ್ಟರೆ ದಾವೆಯೇ ಬೀಳಬಹುದು. ನಡುವೆ ಯಾರೂ ಮಾರದಂತೆ ತಡೆಯಾಜ್ಞೆ ಕೇಳುತ್ತಾರೆ. ಗೆದ್ದಾಗ ಮೊದಲು ಸಿಗುವುದು ಪ್ರಾಥಮಿಕ ಡಿಕ್ರಿ. ಇಂಥವರಿಗೆ ಇಷ್ಟನೇ ಒಂದು ಪಾಲು ಅಂತ ಮಾತ್ರ ಅದರಲ್ಲಿರುತ್ತದೆ. ಸರ್ವೆಯವರು ಬಂದು ಅಳೆದು ಕಲ್ಲು ನೆಟ್ಟು ಸ್ವಾಧೀನ ಕೊಡುವುದು ಆಮೇಲಿನ ಹಂತ. ಡಿಕ್ರಿ ಆಯ್ತಲ್ಲ ಅಂತ ಮನೆಗೆ ಬಂದು ಕೂತವರು ಎಷ್ಟೋ ಜನ.

ಅದಕ್ಕೇ ಒಳ್ಳೆ ವಕೀಲರು ಮೊದಲು ರಾಜಿ ಮಾತಾಡಿ ಅನ್ನುತ್ತಾರೆ. ಕೋರ್ಟಿನಲ್ಲಿರುವ ದಾವೆ ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದು ಡಿಕ್ರಿಗೆ ಸಮ, ಮೇಲೆ ಅಪೀಲಿಲ್ಲ, ಕಟ್ಟಿದ ಕೋರ್ಟ್ ಫೀಜು ವಾಪಸ್. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ ತಾಲೂಕು ಕಾನೂನು ಸೇವಾ ಸಮಿತಿಯಿಂದ ವಕೀಲರನ್ನು ಕೊಡುತ್ತಾರೆ.

ಮನೆಯಲ್ಲೇ ಒಪ್ಪಿಗೆಯಾದರೆ ವಿಭಾಗ ಪತ್ರವನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ರಿಜಿಸ್ಟರ್ ಮಾಡಿಸಿ. ಒಂದೇ ಸರ್ವೆ ನಂಬರು ಒಡೆಯುವುದಿದ್ದರೆ ಮುಂಚೆ 11ಇ ನಕ್ಷೆ ಬೇಕು. ಪತ್ರ ಬರೆಸುವಾಗ ಚಕ್ಕುಬಂದಿ ಬರೆದು ಮುಗಿಸಬೇಡಿ. ಬೋರಿನ ನೀರು ಯಾರಿಗೆ ಯಾವ ದಿನ, ಒಳಗಿನ ಹೊಲಕ್ಕೆ ಗಾಡಿ ದಾರಿ ಎಲ್ಲಿ, ಬದುವಿನ ಹುಣಸೆಮರ ಯಾರದು, ಸೊಸೈಟಿ ಸಾಲ ಯಾರು ತೀರಿಸೋದು, ಇಷ್ಟನ್ನೂ ಬರೆಸಿ, ಎಲ್ಲರಿಗೂ ಓದಿ ಹೇಳಿಸಿ ಆಮೇಲೆ ಸೈ ಹಾಕಿಸಿ.